ಕೆಮ್ಮಣ್ಣಿನ ಎಂಜಿನ್ ಶೆಡ್ಡಿನಿಂದ ನಿಮಗೆಲ್ಲ ವಂದನೆ

ಎಲ್ಲರಿಗೂ ನಮಸ್ಕಾರ.

ಉಡುಪಿಯ ಮಲ್ಪೆ ಮೀನುಗಾರಿಕಾ ದಕ್ಕೆಯ (ಬಂದರಿನ) ಹತ್ತಿರ, ಕೆಮ್ಮಣ್ಣು ಎಂಬ ಹಳ್ಳಿಯಲ್ಲಿರುವ ನಮ್ಮ ಬೋಟ್ ಎಂಜಿನ್ ವರ್ಕ್‌ಶಾಪಿನ ಸಾಲ ಪೂರ್ತಿ ತೀರಿದೆ. ಬಾಕಿ ಏನೂ ಇಲ್ಲ ಎಂಬ ಪತ್ರವನ್ನು ಬ್ಯಾಂಕಿನವರು ಕೊಟ್ಟಿದ್ದಾರೆ. ಪತ್ರ ಬಂದ ದಿನದಿಂದ ಫೋನ್ ಮಾಡಿದವರೆಲ್ಲ ನನ್ನನ್ನೇ ಹೊಗಳುತ್ತಿದ್ದಾರೆ. ಹೊಗಳಿಕೆ ಸಲ್ಲಬೇಕಾದವರು ಬೇರೆ ಇದ್ದಾರೆ. ಅವರ ಬಗ್ಗೆ ನಾಲ್ಕು ಜನರ ಮುಂದೆ ಹೇಳದೆ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಹೆಸರು ಹಾಕಬೇಡ ಎಂದು ಅವರೇ ಹೇಳಿದ್ದಾರೆ. ಹಾಗಾಗಿ ನಾನು ಅವರನ್ನು ಹೇಗೆ ಕರೆಯುತ್ತೇನೋ ಹಾಗೆಯೇ ಇಲ್ಲಿ ಬರೆಯುತ್ತೇನೆ.

ನನ್ನ ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಸೇನೆಯ ಇ.ಎಂ.ಇ. ದಳದಲ್ಲಿ ಹವಾಲ್ದಾರ್ ಆಗಿದ್ದೆ. ಸೇನೆಯ ಲಾರಿ, ಜೀಪು, ಟ್ಯಾಂಕುಗಳನ್ನು ರಿಪೇರಿ ಮಾಡುವ ದಳ ಅದು. ನನ್ನದು ವೆಹಿಕಲ್ ಮೆಕ್ಯಾನಿಕ್ ಟ್ರೇಡ್. ಸಿಕಂದರಾಬಾದಿನಲ್ಲಿ ಕೆಲಸ ಕಲಿತೆ. ಆಮೇಲೆ ಲೇಹ್‌ನ ಚಳಿಯಲ್ಲಿ, ರಾಜಸ್ಥಾನದ ಮರಳಿನಲ್ಲಿ ಡೀಸೆಲ್ ಎಂಜಿನ್‌ಗಳ ಜೊತೆಗೇ ಬದುಕಿದೆ. 24 ವರ್ಷ ಸೇವೆ ಮುಗಿಸಿ 2021ರಲ್ಲಿ ಪೆನ್ಷನ್ ಆಗಿ ಊರಿಗೆ ಬಂದೆ. ಸಿಪಾಯಿಗಳು, ಹವಾಲ್ದಾರರು ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾರೆ. ಮಕ್ಕಳು ಆಗಿನ್ನೂ ಶಾಲೆಗೆ ಹೋಗುತ್ತಿರುತ್ತಾರೆ. ಸುಮ್ನೆ ಕುಳಿತುಕೊಳ್ಳುವ ವಯಸ್ಸಲ್ಲ ಅದು.

ಊರಿನಲ್ಲಿ ಸಿಕ್ಕವರೆಲ್ಲ ಹೇಳಿದ್ದು ಒಂದೇ. ‘ಪೆನ್ಷನ್ ಬರ್ತದೆ, ಮೇಲಿಂದ ಒಂದು ಸೆಕ್ಯುರಿಟಿ ಕೆಲಸ ಹಿಡ್ಕೊಳ್ಳಿ.’ ಆ ಕೆಲಸ ಕಡಿಮೆಯದ್ದು ಅಂತ ನಾನು ಹೇಳುವುದಿಲ್ಲ. ನನ್ನ ಸ್ನೇಹಿತರು ಎಷ್ಟೋ ಜನ ಅದರಲ್ಲೇ ಮಕ್ಕಳನ್ನು ಓದಿಸಿದ್ದಾರೆ. ಆದರೆ ಎಂಜಿನ್ ಬಿಚ್ಚಿ ಕಟ್ಟುವ ಕೈಗೆ ಲಾಠಿಯೊಂದೇ ದಾರಿ ಎಂದು ಇಡೀ ಊರು ತೀರ್ಮಾನ ಮಾಡಿದ್ದು ನನಗೆ ಬೇಸರ ತಂದಿತ್ತು.

ಮೊದಲ ವಂದನೆ ಸುಬೇದಾರ್ ಸಾಹೇಬರಿಗೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸದಂದು ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕಕ್ಕೆ ಹೂ ಇಡಲು ಹೋಗಿದ್ದೆ. ಸಾಹೇಬರ ಪರಿಚಯ ಆದದ್ದು ಅಲ್ಲಿ. ಅವರು ನನಗಿಂತ ತುಂಬಾ ಹಿಂದೆ ನಿವೃತ್ತರಾದವರು. ‘ಮುಂದೆ ಏನು ಮಾಡ್ತೀಯಾ?’ ಎಂದು ಎಲ್ಲರೂ ಕೇಳುತ್ತಿದ್ದರು. ಸಾಹೇಬರು ಮಾತ್ರ ‘ನಿನಗೆ ಏನು ಗೊತ್ತು, ಹೇಳು’ ಎಂದರು. ನಾನು ಹೇಳುತ್ತಾ ಹೋದೆ. ಪಂಪ್ ಸೆಟ್ಟಿಂಗ್, ಹೆಡ್ ಕೆಲಸ, ಗೇರ್‌ಬಾಕ್ಸ್, ಹೈಡ್ರಾಲಿಕ್ಸ್. ಅವರು ಎಲ್ಲ ಕೇಳಿಸಿಕೊಂಡರು. ‘ಇದು ಮಲ್ಪೆ ದಕ್ಕೆಯಲ್ಲಿ ದಿನಾ ಬೇಕಾಗುವ ಕೆಲಸ ಅಲ್ವಾ? ಸೇನೆಯ ಲಾರಿಯಲ್ಲೂ ಲೇಲ್ಯಾಂಡ್ ಎಂಜಿನ್, ನಮ್ಮ ಬೋಟಿನಲ್ಲೂ ಲೇಲ್ಯಾಂಡ್ ಎಂಜಿನ್’ ಎಂದರು. ಮೂವತ್ತು ವರ್ಷ ಮಲ್ಪೆಯ ಗಾಳಿ ಕುಡಿದ ನನ್ನ ಸಂಬಂಧಿಕರಿಗೆ ಹೊಳೆಯದ್ದು ಅವರಿಗೆ ಹೊಳೆಯಿತು. ಅವರೇ ನನ್ನನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮಂಗಳೂರು ಕಚೇರಿಗೆ ಕರೆದುಕೊಂಡು ಹೋದರು. ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯ ದಾರಿ ತೋರಿಸಿದವರೂ ಅವರೇ.

ರುಡ್‌ಸೆಟ್ ಬಗ್ಗೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಆದರೂ ಹೊರಗಿನ ಓದುಗರಿಗಾಗಿ ಬರೆಯುತ್ತೇನೆ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ ಇದು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರಗಳಿಗೆ ಮಾದರಿ ನಮ್ಮ ಉಜಿರೆಯದ್ದೇ. ತರಬೇತಿಯಲ್ಲಿ ನನ್ನ ಅಕ್ಕಪಕ್ಕ ಇದ್ದವರು ಟೈಲರಿಂಗ್ ಕಲಿಯಲು ಬಂದ ಹುಡುಗಿಯರು, ಜೇನು ಸಾಕುವ ಹುಡುಗರು, ಮೊಬೈಲ್ ರಿಪೇರಿಯವರು. ಕಣ್ಣಿಗೆ ಬಟ್ಟೆ ಕಟ್ಟಿ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುವ ಆಟ ಆಡಿಸಿದರು. ಎಷ್ಟು ಪೇರಿಸುತ್ತೇನೆ ಎಂದು ಮೊದಲೇ ಹೇಳಬೇಕು. ಪಕ್ಕದಲ್ಲಿ ನಿಂತವರು ದಾರಿ ಹೇಳುತ್ತಾ ಇರಬೇಕು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ‘ಅಣ್ಣಾ, ಸ್ವಲ್ಪ ಎಡಕ್ಕೆ’ ಎನ್ನುತ್ತಾ ನನ್ನ ಕೈ ನಡೆಸಿದಳು. ಆ ತರಗತಿಯ ಎಲ್ಲರಿಗೂ ನನ್ನ ನಮಸ್ಕಾರ.

ಅಲ್ಲಿನ ಮೇಡಂಗೆ ವಿಶೇಷ ವಂದನೆ. ಸರ್ಟಿಫಿಕೇಟ್ ಕೊಟ್ಟು ಕೈ ತೊಳೆದುಕೊಳ್ಳುವ ಪದ್ಧತಿ ಅಲ್ಲಿ ಇಲ್ಲ. ತರಬೇತಿ ಆದ ಮೇಲೂ ಎರಡು ವರ್ಷ ಬೆನ್ನ ಹಿಂದೆ ಇರುತ್ತಾರೆ. ಮೇಡಂ ಶೆಡ್ಡಿಗೇ ಬಂದು ಉದ್ಯಮ್ ನೋಂದಣಿ ಆಯಿತೇ, ಬಿಲ್ ಪುಸ್ತಕ ಮಾಡಿಸಿದಿರೇ ಎಂದು ವಿಚಾರಿಸುತ್ತಿದ್ದರು. ಫೋನ್ ಎತ್ತದಿದ್ದರೆ ಮನೆಯವಳಿಗೆ ಫೋನ್ ಹೋಗುತ್ತಿತ್ತು.

ಈಗ ರಾಯರ ವಿಷಯ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು.

ರಾಯರು ನಿವೃತ್ತ ಬ್ಯಾಂಕ್ ಅಧಿಕಾರಿ. ಸಿಂಡಿಕೇಟ್ ಬ್ಯಾಂಕಿನಲ್ಲಿ ಸೇರಿ ಅಲ್ಲೇ ನಿವೃತ್ತರಾದವರು. ಹೊಸದಾಗಿ ಉದ್ಯೋಗ ಮಾಡುವವರಿಗೆ ಲೆಕ್ಕ ಹೇಳಿಕೊಡುವುದನ್ನು ಅವರು ಒಂದು ಸೇವೆಯಾಗಿ ಇಟ್ಟುಕೊಂಡಿದ್ದಾರೆ. ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಒಂದು ಹಾಳೆಯ ಮೇಲೆ ಹನ್ನೆರಡು ಮನೆ ಹಾಕಿಸಿದರು, ತಿಂಗಳಿಗೊಂದು. ಮೇಲೆ ಕೆಲಸ ಬರೆ, ಕೆಳಗೆ ಹಣ ಬರೆ ಎಂದರು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ಸಣ್ಣ ಎಂಜಿನ್ ಹಾಕಿದ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಟ್ರಾಲ್‌ಬೋಟು, ಪರ್ಸೀನ್ ಬೋಟುಗಳೆಲ್ಲ ದಡಕ್ಕೆ ಬರುತ್ತವೆ. ಎಂಜಿನ್ ಕೆಲಸ ಮಾಡಿಸುವುದು ಆಗಲೇ. ನಮಗೆ ಹಗಲು ರಾತ್ರಿ ಕೆಲಸ. ಆದರೆ ಬೋಟಿನವರ ಕೈಯಲ್ಲಿ ಆಗ ಹಣ ಇರುವುದಿಲ್ಲ. ಅವರು ಕಡಲಿಗೆ ಇಳಿದು, ಮೀನು ಸಿಕ್ಕಿ, ಲೆಕ್ಕ ಆಗುವಾಗ ಸೆಪ್ಟೆಂಬರ್, ಅಕ್ಟೋಬರ್ ಬರುತ್ತದೆ. ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳಿಗೂ ಹೋಗಬೇಕು. ಹಾಳೆಯಲ್ಲಿ ಜೂನ್, ಜುಲೈ, ಆಗಸ್ಟ್‌ನ ಕೆಳಗಿನ ಮನೆಗಳು ಖಾಲಿ ಉಳಿದವು. ರಾಯರು ಪೆನ್ಸಿಲಿನಿಂದ ಅದಕ್ಕೆ ವೃತ್ತ ಹಾಕಿದರು. ‘ನಿಮ್ಮ ಕಷ್ಟ ಇರುವುದು ಇಲ್ಲಿ. ಯಂತ್ರಕ್ಕೆ ಸಾಲ ಕೇಳುವಾಗ ಈ ಮೂರು ತಿಂಗಳಿಗೂ ಸೇರಿಸಿ ಕೇಳಿ’ ಎಂದರು. ಸೇನೆಯಲ್ಲಿ ನಮಗೆ ಸ್ಪೇರ್ ಪಾರ್ಟ್ ಬೇಕಾದರೆ ಇಂಡೆಂಟ್ ಹಾಕುತ್ತೇವೆ, ಸ್ಟೋರ್‌ನಿಂದ ಬರುತ್ತದೆ. ಅದರ ಬೆಲೆ ಎಷ್ಟು, ಹಣ ಯಾವಾಗ ಬರುತ್ತದೆ ಎಂಬ ಚಿಂತೆ ನಮ್ಮದಲ್ಲ. ಆ ಹಾಳೆ ಇಲ್ಲದೆ ಹೋಗಿದ್ದರೆ ಮೊದಲ ಮಳೆಗಾಲವೇ ನಮ್ಮ ಶೆಡ್ಡನ್ನು ಮುಚ್ಚಿಸುತ್ತಿತ್ತು. ಇದರಲ್ಲಿ ನನಗೆ ಸಂಶಯ ಇಲ್ಲ.

ಸಾಲಕ್ಕೆ ಪಿ.ಎಂ.ಇ.ಜಿ.ಪಿ. ಯೋಜನೆಯಲ್ಲಿ, ಅಂದರೆ ಕೇಂದ್ರ ಸರ್ಕಾರದ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಅರ್ಜಿ ಹಾಕಿದೆವು. ಮಾಜಿ ಸೈನಿಕರು ಇದನ್ನು ಗಮನವಿಟ್ಟು ಓದಬೇಕು. ಈ ಯೋಜನೆಯಲ್ಲಿ ನಾವು ವಿಶೇಷ ವರ್ಗಕ್ಕೆ ಸೇರುತ್ತೇವೆ. ನಮ್ಮ ಕೈಯಿಂದ ಹಾಕಬೇಕಾದ್ದು ಶೇ. 5 ಮಾತ್ರ. ಹಳ್ಳಿಯಲ್ಲಿ ಶುರು ಮಾಡಿದರೆ ಸಹಾಯಧನ ಶೇ. 35, ಪೇಟೆಯಲ್ಲಾದರೆ ಶೇ. 25. ನಮ್ಮದು ಕೆಮ್ಮಣ್ಣು, ಹಳ್ಳಿಯ ಲೆಕ್ಕ. 10 ಲಕ್ಷದ ಯೋಜನೆ ಎಂದರೆ ನಾವು ಹಾಕುವುದು 50 ಸಾವಿರ, ಸಹಾಯಧನ ಮೂರೂವರೆ ಲಕ್ಷ. ಆದರೆ ಆ ಸಹಾಯಧನ ಕೂಡಲೇ ಕೈಗೆ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಉದ್ಯೋಗ ನಿಜವಾಗಿ ನಡೆಯುತ್ತಿದೆಯೇ ಎಂದು ಬಂದು ನೋಡಿ, ಆಮೇಲೆ ಸಾಲದ ಖಾತೆಗೆ ಹೊಂದಿಸುತ್ತಾರೆ. ನಮ್ಮ ಸಾಲ 2022ರದ್ದು. ಸೇವಾ ಉದ್ಯೋಗಗಳಿಗೆ ಯೋಜನಾ ವೆಚ್ಚದ ಮಿತಿಯನ್ನು 10 ಲಕ್ಷದಿಂದ 20 ಲಕ್ಷಕ್ಕೆ ಏರಿಸಿದ್ದೂ ಅದೇ ವರ್ಷ. ‘ಮಿತಿ ಏರಿತು ಅಂತ ಆಸೆ ಏರಿಸಬೇಡಿ’ ಎಂದು ರಾಯರು ನಮ್ಮನ್ನು 10 ಲಕ್ಷದಲ್ಲೇ ನಿಲ್ಲಿಸಿದರು.

ಇನ್ನೊಂದು ವಿಷಯದಲ್ಲಿ ಅವರು ತುಂಬಾ ಬಿಗಿ. ಗ್ರ್ಯಾಚುಟಿ ಹಣ, ಕಮ್ಯುಟೇಶನ್ ಹಣ (ಪೆನ್ಷನ್‌ನ ಒಂದು ಭಾಗವನ್ನು ಮುಂಗಡವಾಗಿ ಒಟ್ಟಿಗೆ ಪಡೆಯುವ ಹಣ) ಶೆಡ್ಡಿನ ಬಾಗಿಲು ದಾಟಿ ಒಳಗೆ ಬರಬಾರದು. ಅದು ಮನೆಯದ್ದು, ಮಕ್ಕಳದ್ದು. ನಿವೃತ್ತಿಯ ಹಣ ಕಂಡರೆ ಸಾಕು, ಪಾಲುದಾರಿಕೆ ಮಾಡೋಣ ಎಂದು ಬರುವವರು ಎಲ್ಲ ಊರಿನಲ್ಲೂ ಇದ್ದಾರೆ. ಇದೊಂದು ಮಾತು ಎಷ್ಟು ಸೈನಿಕರ ಮನೆ ಉಳಿಸಬಹುದು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಮೊದಲು ಹೋದ ಬ್ಯಾಂಕ್ ಶಾಖೆಯೊಂದರಲ್ಲಿ ನಮ್ಮ ಫೈಲ್ ಹಾಗೇ ವಾಪಸ್ ಬಂತು. ಸೈನಿಕರಿಗೆ ವ್ಯಾಪಾರ ಆಗಲಿಕ್ಕಿಲ್ಲ ಎಂಬ ಅರ್ಥದ ಮಾತೂ ಬಂತು. ನನಗೆ ತುಂಬಾ ನೋವಾಯಿತು. ರಾಯರು ವಾದ ಮಾಡಲು ಹೋಗಲಿಲ್ಲ. ಮೂರು ಜನ ಬೋಟ್ ಮಾಲಕರ ಬಳಿ ಹೋಗಿ, ‘ಈ ವರ್ಕ್‌ಶಾಪ್ ಆದರೆ ನಮ್ಮ ಎಂಜಿನ್ ಕೆಲಸ ಇಲ್ಲೇ ಕೊಡುತ್ತೇವೆ’ ಎಂದು ಪತ್ರ ಬರೆಸಿ ತನ್ನಿ ಎಂದರು. ಪ್ರಾಜೆಕ್ಟ್ ರಿಪೋರ್ಟನ್ನು ಮತ್ತೆ ಕುಳಿತು ಬರೆಸಿದರು. ಬೇರೆ ಶಾಖೆಯ ಮ್ಯಾನೇಜರ್ ಆ ಪತ್ರಗಳನ್ನು ಓದಿ, ಮಲ್ಪೆಗೆ ಬಂದು ಮಾಲಕರನ್ನು ಮಾತನಾಡಿಸಿ ಸಾಲ ಕೊಟ್ಟರು. ಆ ಮೂವರು ಮಾಲಕರಿಗೂ ಮ್ಯಾನೇಜರ್ ಅವರಿಗೂ ನಾನು ಆಭಾರಿ. ನನ್ನ ಕೆಲಸ ನೋಡುವ ಮೊದಲೇ ಸಹಿ ಹಾಕಿದವರು ಅವರು.

ಪಿಗ್ಮಿಯ ಅಭ್ಯಾಸ ಹಿಡಿಸಿದ್ದೂ ರಾಯರೇ. 1928ರಲ್ಲಿ ದಿನಕ್ಕೆ ಎರಡಾಣೆ ಉಳಿಸಿ ಎಂದು ಬ್ಯಾಂಕೇ ಬಡವರ ಮನೆ ಬಾಗಿಲಿಗೆ ಹೋದದ್ದು ನಮ್ಮ ಉಡುಪಿಯಲ್ಲಿ. ನಮ್ಮ ಶೆಡ್ಡಿಗೂ ಪಿಗ್ಮಿಯವರು ಸಂಜೆ ಬರುತ್ತಾರೆ. ಸೀಸನ್‌ನಲ್ಲಿ ಜಾಸ್ತಿ ಕಟ್ಟುತ್ತೇವೆ. ಮಳೆಗಾಲದ ಕಂತು ಅದರಿಂದಲೇ ಹೋಗುತ್ತದೆ. ಪಿಗ್ಮಿ ಅಕ್ಕನಿಗೂ ನಮಸ್ಕಾರ, ಮಳೆ ಇರಲಿ ಬಿಸಿಲಿರಲಿ ಅವರು ತಪ್ಪಿಸಿದ್ದಿಲ್ಲ.

ಬೈಕಂಪಾಡಿಯ ಅಣ್ಣನಿಗೆ ನಾನು ಎಷ್ಟು ಹೇಳಿದರೂ ಕಡಿಮೆಯೇ. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಅವರ ಲೇತ್ ವರ್ಕ್ಸ್ ಇದೆ. ಪ್ರೊಪೆಲ್ಲರ್ ಶಾಫ್ಟ್ ತಿರುಗಿಸಲು ಕೊಟ್ಟು ಪರಿಚಯ ಆದದ್ದು. ಒಂದು ದಿನ ಶೆಡ್ಡಿಗೆ ಬಂದವರು ನನ್ನ ಮೇಜಿನ ಮೇಲಿದ್ದ ಪುಸ್ತಕಗಳನ್ನು ತಿರುವಿ ಹಾಕಿದರು. ಸೇನೆಯಲ್ಲಿ ಪ್ರತಿ ವಾಹನಕ್ಕೂ ಒಂದು ಲಾಗ್ ಬುಕ್ ಇರುತ್ತದೆ. ಯಾವಾಗ ಆಯಿಲ್ ಬದಲಿಸಿದ್ದು, ಯಾವ ಪಾರ್ಟ್ ಹಾಕಿದ್ದು, ಮುಂದೆ ಏನು ನೋಡಬೇಕು, ಎಲ್ಲ ಅದರಲ್ಲಿ ಇರಬೇಕು. ಅದೇ ಅಭ್ಯಾಸದಲ್ಲಿ ನಾನು ಪ್ರತಿ ಬೋಟಿಗೂ ಒಂದು ಪುಸ್ತಕ ಇಟ್ಟಿದ್ದೆ. ಅಣ್ಣ ಪುಸ್ತಕ ಮುಚ್ಚಿ ಹೇಳಿದರು: ‘ರಿಪೇರಿ ಮಾಡುವವರು ದಕ್ಕೆಯಲ್ಲಿ ಬೇಕಾದಷ್ಟು ಜನ ಇದ್ದಾರೆ ಮಾರಾಯ್ರೇ. ಇದು ಯಾರ ಹತ್ರವೂ ಇಲ್ಲ. ನೀವು ಮಾರಬೇಕಾದ್ದು ಇದನ್ನೇ.’

ನನ್ನ ದೃಷ್ಟಿಯಲ್ಲಿ ನಮ್ಮ ವರ್ಕ್‌ಶಾಪಿನ ಇಡೀ ಕತೆ ಆ ಮಾತಿನಲ್ಲಿದೆ. ಆಳಸಮುದ್ರದ ಬೋಟು ಹೋದರೆ ಹತ್ತು ದಿನ ವಾಪಸ್ ಇಲ್ಲ. ನಡುವೆ ಎಂಜಿನ್ ನಿಂತರೆ ಇನ್ನೊಂದು ಬೋಟು ಕಟ್ಟಿ ಎಳೆದು ತರಬೇಕು. ಎರಡೂ ಬೋಟಿನ ಡೀಸೆಲ್ ನಷ್ಟ, ಐಸ್ ನಷ್ಟ, ಮೀನು ನಷ್ಟ, ಕಲಾಸಿಗಳ (ಬೋಟಿನ ಕೆಲಸಗಾರರ) ದುಡಿಮೆ ನಷ್ಟ. ನಿಲ್ಲಲು ಕಾರಣ ಹೆಚ್ಚಾಗಿ ಸಣ್ಣದೇ ಇರುತ್ತದೆ. ಎಂಜಿನ್ ತಂಪು ಮಾಡಲು ಉಪ್ಪುನೀರು ಎಳೆಯುವ ಪಂಪಿನ ಒಳಗೆ ರಬ್ಬರಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಇದೆ, ಅದು ಹರಿದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಕೂಲರಿನಲ್ಲಿ ಜಿಂಕ್ ತುಂಡು ಹಾಕುತ್ತಾರೆ, ಉಪ್ಪುನೀರು ಬೇರೆ ಲೋಹವನ್ನು ಬಿಟ್ಟು ಮೊದಲು ಅದನ್ನು ತಿನ್ನಲಿ ಎಂದು. ಅದು ಸವೆದು ಹೋದ ಮೇಲೂ ಹೊಸತು ಹಾಕದಿದ್ದರೆ ಕೂಲರೇ ತೂತಾಗುತ್ತದೆ. ಇವೆಲ್ಲ ಕಡಿಮೆ ಬೆಲೆಯ ಸಾಮಾನುಗಳು. ಸಮಯಕ್ಕೆ ನೋಡುವವರು ಬೇಕು, ಅಷ್ಟೇ. ಸೇನೆಯಲ್ಲಿ ನಾವು ಮೇಂಟೆನೆನ್ಸ್ ಪರೇಡ್ ಎಂದು ಮಾಡುತ್ತಿದ್ದುದು ಇದನ್ನೇ. ಅಣ್ಣನ ಸಲಹೆಯಂತೆ ವರ್ಷದ ಒಪ್ಪಂದ ಶುರು ಮಾಡಿದೆವು. ಬೋಟು ದಕ್ಕೆಗೆ ಬಂದಾಗಲೆಲ್ಲ ನಮ್ಮ ಹುಡುಗ ಹೋಗಿ ಪುಸ್ತಕ ನೋಡಿ, ಎಂಜಿನ್ ನೋಡಿ, ಬರೆದು ಬರುತ್ತಾನೆ. ಇದರ ಹಣ ವರ್ಷವಿಡೀ ಸ್ವಲ್ಪ ಸ್ವಲ್ಪ ಬರುತ್ತದೆ. ರಾಯರು ವೃತ್ತ ಹಾಕಿದ ಆ ಖಾಲಿ ಮನೆಗಳಿಗೂ ಅದರಿಂದ ಸ್ವಲ್ಪ ಹಣ ಬಂತು.

ನಾವು ಸೈನಿಕರು ಹೊರಗೆ ಬಂದಾಗ ಎಲ್ಲರೂ ‘ಇನ್ನು ಮಿಲಿಟರಿ ಮರೆತುಬಿಡಿ’ ಎನ್ನುತ್ತಾರೆ. ನನಗೆ ದಾರಿ ತೋರಿಸಿದವರು ಹಾಗೆ ಹೇಳಲಿಲ್ಲ. ಮಿಲಿಟರಿಯ ಯಾವ ಅಭ್ಯಾಸ ಇಲ್ಲಿ ಅನ್ನ ಕೊಡುತ್ತದೆ ಎಂದು ನನ್ನ ಜೊತೆ ಕುಳಿತು ಹುಡುಕಿದರು. ಸಾಲ, ಸಹಾಯಧನ ಅರ್ಜಿ ಹಾಕಿದರೆ ಸಿಗಬಹುದು. ಹೀಗೆ ಹುಡುಕಿಕೊಡುವವರು ಸಿಗುವುದು ಕಷ್ಟ.

ಎರಡನೇ ಸೀಸನ್ ತುಂಬಾ ಕಷ್ಟದ್ದು. ಮೀನು ಕಡಿಮೆ ಆಯಿತು. ಎಷ್ಟೋ ಬೋಟುಗಳು ಡೀಸೆಲ್ ಖರ್ಚೂ ಹುಟ್ಟದೆ ಸೀಸನ್ ನಡುವೆಯೇ ದಕ್ಕೆಯಲ್ಲಿ ನಿಂತವು. ನಮಗೆ ಬರಬೇಕಾದ ಹಣ ನಿಂತಿತು. ಕೊಡಲು ಮನಸ್ಸಿಲ್ಲದವರಲ್ಲ ಅವರು, ಅವರ ಕೈಯೇ ಖಾಲಿ. ಆಗ ಅಣ್ಣ ಒಂದು ನಿಯಮ ಹಾಕಿಕೊಟ್ಟರು: ಸಾಮಾನು ನಗದು, ಕೆಲಸ ಕಡ. ಸ್ಪೇರ್ ಪಾರ್ಟಿನ ಹಣ ಮೊದಲೇ ತೆಗೆದುಕೊಳ್ಳಬೇಕು, ನಮ್ಮ ಕೂಲಿಗೆ ಮಾತ್ರ ಸಮಯ ಕೊಡಬೇಕು. ಆಗ ಕಷ್ಟ ಬಂದರೂ ನಮ್ಮ ಕೂಲಿ ಮಾತ್ರ ಬಾಕಿ ನಿಲ್ಲುತ್ತದೆ, ಸ್ಪೇರ್ ಪಾರ್ಟ್ ಅಂಗಡಿಯಲ್ಲಿ ನಮ್ಮ ಸಾಲ ಬೆಳೆಯುವುದಿಲ್ಲ. ನಮಗೆ ಹಣ ಬರುವ ತನಕ ತಮ್ಮ ಲೇತಿನ ಬಿಲ್ಲುಗಳ ಹಣವನ್ನು ಅಣ್ಣ ಕೇಳಲೇ ಇಲ್ಲ. ರಾಯರು ನನ್ನ ಜೊತೆ ಮಾಲಕರ ಮನೆಗಳಿಗೆ ಬಂದರು. ‘ಈಗಲೇ ಕೊಡಿ’ ಎಂದು ಒಂದು ಕಡೆಯೂ ಹೇಳಲಿಲ್ಲ. ಪ್ರತಿ ಟ್ರಿಪ್ಪಿನ ಲೆಕ್ಕ ಆದಾಗ ಎಷ್ಟು ಕೊಡಲು ಆಗುತ್ತದೆ ಎಂದು ಕೇಳಿ, ಅದನ್ನು ಇಬ್ಬರ ಪುಸ್ತಕದಲ್ಲೂ ಬರೆಸಿದರು. ಮುಂದಿನ ಸೀಸನ್‌ನಲ್ಲಿ ಹೆಚ್ಚಿನವರು ಬರೆದ ಹಾಗೇ ಕೊಟ್ಟರು. ಮಲ್ಪೆಯ ಮಾಲಕರೇ, ಬೋಟು ನಡೆಸುವ ತಾಂಡೇಲರೇ, ನಿಮ್ಮ ಮನೆಯಲ್ಲೇ ಕಷ್ಟ ಇದ್ದಾಗಲೂ ನಮ್ಮ ಪಾಲು ತೆಗೆದಿಟ್ಟಿರಿ. ಕೈ ಮುಗಿಯುತ್ತೇನೆ.

ನಮ್ಮ ಶೆಡ್ಡಿನ ಹುಡುಗರಿಗೂ. ಇಬ್ಬರು ಐ.ಟಿ.ಐ. ಮುಗಿಸಿ ಬಂದವರು, ಒಬ್ಬ ಕಲಾಸಿಯ ಮಗ. ಆ ಕೆಟ್ಟ ಸೀಸನ್‌ನಲ್ಲಿ ಸಂಬಳ ತಡವಾದರೂ ಮುಖ ಗಂಟಿಕ್ಕಲಿಲ್ಲ. ಎಂಜಿನ್ ಸದ್ದು ಕೇಳಿಯೇ ರೋಗ ಹೇಳುವಷ್ಟು ಕಲಿತಿದ್ದಾರೆ.

ಮನೆಯವಳ ಬಗ್ಗೆ ಇಲ್ಲಿ ಬರೆಯುವುದು ಅವಳಿಗೆ ಇಷ್ಟ ಇಲ್ಲ. ಆದರೂ ಬರೆಯುತ್ತೇನೆ. 24 ವರ್ಷ ನಾನು ದೂರ ಇದ್ದಾಗ ಅತ್ತೆ, ಮಾವ, ಮಕ್ಕಳು, ಗದ್ದೆ ಎಲ್ಲವನ್ನೂ ಒಬ್ಬಳೇ ನೋಡಿದವಳು. ನಾನು ಬಂದ ಮೇಲಾದರೂ ಅವಳಿಗೆ ವಿಶ್ರಾಂತಿ ಸಿಗಬೇಕಿತ್ತು. ಅದರ ಬದಲು ವರ್ಕ್‌ಶಾಪಿನ ಲೆಕ್ಕವೂ ಅವಳ ತಲೆಗೆ ಬಂತು. ರಾಯರ ನಿಜವಾದ ಶಿಷ್ಯೆ ಅವಳೇ. ಯಾವ ಬೋಟಿನಿಂದ ಎಷ್ಟು ಬರಬೇಕು ಎಂದು ಪುಸ್ತಕ ನೋಡದೆ ಹೇಳುತ್ತಾಳೆ. ಬ್ಯಾಂಕಿನ ಪತ್ರ ಬಂದ ದಿನ ಅದನ್ನು ದೇವರ ಕೋಣೆಯಲ್ಲಿ ಇಟ್ಟು, ಏನೂ ಮಾತನಾಡದೆ ಅಡುಗೆಮನೆಗೆ ಹೋದಳು. ಆ ಹೊತ್ತಿಗೆ ನನ್ನ ಗಂಟಲೂ ಕಟ್ಟಿತ್ತು.

ಸೇವೆಯಲ್ಲಿ ಇರುವ ನಮ್ಮ ಹುಡುಗರಿಗೆ ಒಂದು ಮಾತು. ನಿವೃತ್ತಿಗೆ ಮುಂಚೆ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದವರು ತರಬೇತಿಗಳನ್ನು ಕೊಡುತ್ತಾರೆ. ಅದನ್ನು ರಜೆಯ ಹಾಗೆ ಕಳೆಯಬೇಡಿ. ಊರಲ್ಲಿ ಏನು ನಡೆಯುತ್ತದೆ ಎಂದು ನೋಡಿ ಕೋರ್ಸ್ ಆರಿಸಿ. ಊರಿಗೆ ಬಂದ ಮೇಲೆ ಯಂತ್ರ ಕೊಳ್ಳುವ ಮೊದಲು ಲೆಕ್ಕ ಗೊತ್ತಿರುವ ಒಬ್ಬ ಹಿರಿಯರನ್ನು ಹುಡುಕಿ. ಯಾರೂ ಸಿಗದಿದ್ದರೆ ನಮ್ಮ ಶೆಡ್ಡಿಗೆ ಬನ್ನಿ. ಕಳೆದ ವರ್ಷ ನಿವೃತ್ತರಾದ, ನಾಯಕ್ ದರ್ಜೆಯ ಸೈನಿಕರೊಬ್ಬರು ಈಗ ವಾರಕ್ಕೊಮ್ಮೆ ಬರುತ್ತಿದ್ದಾರೆ. ಅವರು ಸೇನೆಯ ಸಂಪರ್ಕ ದಳವಾದ ಸಿಗ್ನಲ್ಸ್‌ನವರು. ಬೋಟುಗಳ ವೈರ್‌ಲೆಸ್, ಜಿ.ಪಿ.ಎಸ್., ಬ್ಯಾಟರಿ ಕೆಲಸ ಮಾಡುವ ಯೋಚನೆ. ಹನ್ನೆರಡು ಮನೆಯ ಹಾಳೆಯನ್ನು ಅವರ ಮುಂದೆ ಇಟ್ಟಿದ್ದೇವೆ. ಅವರು ಇನ್ನೂ ತುಂಬಿಸುತ್ತಾ ಇದ್ದಾರೆ.

ಮೊದಲ ಸಾಲ ಚೆನ್ನಾಗಿ ತೀರಿಸಿದವರಿಗೆ ಉದ್ಯೋಗ ದೊಡ್ಡದು ಮಾಡಲು ಅದೇ ಯೋಜನೆಯಲ್ಲಿ ಎರಡನೇ ಸಾಲ ಇದೆ, ಶೇ. 15 ಸಹಾಯಧನದ ಜೊತೆ. ತೆಗೆದುಕೊಳ್ಳಿ ಎಂದು ಹಲವರು ಹೇಳುತ್ತಿದ್ದಾರೆ. ಇನ್ನೊಂದು ಮಳೆಗಾಲ ಸಾಲ ಇಲ್ಲದೆ ನಡೆಸಿ ನೋಡಿ ಎಂದು ರಾಯರು ಹೇಳಿದ್ದಾರೆ. ಹಾಗೇ ಮಾಡುತ್ತೇವೆ. ಸದ್ಯಕ್ಕೆ ಪಿಗ್ಮಿಯಲ್ಲಿ ಉಳಿದ ಹಣದಿಂದ ಪಕ್ಕದಲ್ಲೇ ಒಂದು ಶೀಟಿನ ಶೆಡ್ ಎಬ್ಬಿಸಿದ್ದೇವೆ.

ಜೂನ್ 1ರಿಂದ ನಮಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಅದಕ್ಕೇ ಮೇ ತಿಂಗಳ ಕೊನೆಯ ಭಾನುವಾರ ಹೊಸ ಶೆಡ್ಡಿನಲ್ಲಿ ಸಣ್ಣದೊಂದು ಗಣಹೋಮ ಇಟ್ಟುಕೊಂಡಿದ್ದೇವೆ. ಇದನ್ನು ಓದಿದವರೆಲ್ಲ ಮನೆಯವರ ಜೊತೆ ಬನ್ನಿ, ಊಟ ಮಾಡಿಕೊಂಡೇ ಹೋಗಬೇಕು. ರಾಯರೇ, ಅಣ್ಣಾ, ಸುಬೇದಾರ್ ಸಾಹೇಬರೇ, ದೀಪ ನೀವು ಮೂವರೂ ಸೇರಿ ಹಚ್ಚಬೇಕು. ಇಲ್ಲ ಎನ್ನಬೇಡಿ.